ನಾಲಗೆಯ ಮೇಲಿನ ಭೂಪಟ ದೊಡ್ಡದಾದರೆ ಕಾಯಿಲೆಯೂ ದೊಡ್ಡದೇ?

ಪ್ರಶ್ನೆ: ನನಗೆ 38 ವರ್ಷ. ಬಹಳ ಕಾಲದಿಂದ ನಾಲಗೆಯ ಮೇಲೆ ಕೆಂಪು ಮಚ್ಚೆಗಳು, ಅವುಗಳ ಸುತ್ತ ಬಿಳಿ ಅಂಚು. ಇಂದು ಎಡಗಡೆ ಕಂಡದ್ದು ಕೆಲವೇ ದಿನಗಳಲ್ಲಿ ತುದಿಗೆ ಬಂದಿರುತ್ತದೆ. ‘ಜಿಯಾಗ್ರಫಿಕ್ ಟಂಗ್ (ಭೂಪಟದಂತೆ ಮಚ್ಚೆ ಮೂಡುವ ನಾಲಗೆ), ಏನೂ ಆಗುವುದಿಲ್ಲ’ ಎಂದು ವೈದ್ಯರು ಹೇಳಿ ಕಳುಹಿಸಿದ್ದಾರೆ. ಆದರೆ ಈ ತಿಂಗಳು ಅರ್ಧ ನಾಲಗೆ ಕೆಂಪಾಗಿದೆ. ಖಾರ, ಹುಳಿ ತಾಕಿದರೆ ಉರಿ. ದಿನವೂ ಮೊಬೈಲಿನಲ್ಲಿ ಫೋಟೊ ತೆಗೆದು ಹೋಲಿಸಿ ನೋಡುತ್ತೇನೆ. ಕಾಯಿಲೆ ಜೋರಾಗುತ್ತಿದೆಯೇ? ಕ್ಯಾನ್ಸರಿಗೆ ತಿರುಗುತ್ತದೆಯೇ? ನನ್ನ ಎಂಜಲಿನಿಂದ ಮಗಳಿಗೆ ಅಂಟುತ್ತದೆಯೇ?

ಉತ್ತರ: ಕ್ಯಾನ್ಸರಿನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಆ ಭಯ ತಲೆಯಲ್ಲಿ ಕುಳಿತಿರುವಾಗ ಮಿಕ್ಕ ಯಾವ ಮಾತೂ ಕಿವಿಗೆ ಬೀಳುವುದಿಲ್ಲ. ಇದು ಕ್ಯಾನ್ಸರಿಗೆ ತಿರುಗುವ ಕಾಯಿಲೆಯಲ್ಲ. ಸುಮಾರು ನೂರಕ್ಕೆ ಒಬ್ಬರಿಂದ ಮೂವರಲ್ಲಿ ಕಾಣಿಸಿಕೊಳ್ಳುತ್ತದೆ. ಹೆಚ್ಚಿನವರಿಗೆ ತಮಗೆ ಇದು ಇರುವುದೇ ಗೊತ್ತಿರುವುದಿಲ್ಲ. ನಾಲಗೆಯ ಮೇಲ್ಮೈಯಲ್ಲಿರುವ ಎಳೆಯಂತಹ ಸಣ್ಣ ಮೊಗ್ಗುಗಳು ಒಂದು ಜಾಗದಲ್ಲಿ ಉದುರಿದಾಗ ಅಲ್ಲಿ ಕೆಂಪು ಕಾಣುತ್ತದೆ. ಅವು ಮತ್ತೆ ಬೆಳೆಯುವ ಹೊತ್ತಿಗೆ ಇನ್ನೊಂದು ಕಡೆ ಉದುರಿರುತ್ತವೆ. ಹಾಗಾಗಿ ಮಚ್ಚೆ ಓಡಾಡಿದಂತೆ ತೋರುತ್ತದೆ. ನಿಮ್ಮನ್ನು ಹೆದರಿಸುತ್ತಿರುವ ಆ ಓಡಾಟವೇ ನನಗೆ ಸಮಾಧಾನ ಕೊಡುವ ಲಕ್ಷಣ.

ಇನ್ನು ಜೋರಾಗಿದೆಯೇ ಎಂಬ ಪ್ರಶ್ನೆ. ಚರ್ಮದ ಮೇಲೆ ಚಕ್ಕೆ ಏಳುವ ಸೋರಿಯಾಸಿಸ್ ಕಾಯಿಲೆಯ ರೋಗಿಗಳ ಚರ್ಮಕ್ಕೆ ತೀವ್ರತೆಯ ಅಂಕ ಕೊಡುವ ಮಾದರಿಯಲ್ಲೇ ಈ ನಾಲಗೆಗೂ ಅಂಕ ಕೊಡುವ ವಿಧಾನವನ್ನು ಸಂಶೋಧಕರು ರೂಪಿಸಿದ್ದಾರೆ. ಔಷಧ ಕೊಟ್ಟ ಮೇಲೆ ಬದಲಾವಣೆ ಆಯಿತೇ ಎಂದು ತಿಳಿಯಲು ಅಂತಹ ಲೆಕ್ಕ ಬೇಕು. ಆದರೆ ನನ್ನ ಎದುರು ಕುಳಿತವರಿಗೆ ನಾನು ಬಾಯಿ ತೆರೆಯಿರಿ ಎನ್ನುವ ಮೊದಲು ಬೇರೆಯದನ್ನೇ ಕೇಳುತ್ತೇನೆ: ಉರಿಗೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಕೊಡುತ್ತೀರಿ? ಉರಿಗೆ ಹೆದರಿ ಯಾವ ಊಟ ಬಿಟ್ಟಿದ್ದೀರಿ? ಮಾತನಾಡುವಾಗ ನೋವುಂಟೇ? ನಿದ್ದೆ ಕೆಡುತ್ತಿದೆಯೇ? ಮುಕ್ಕಾಲು ನಾಲಗೆ ಕೆಂಪಾಗಿದ್ದರೂ ಏನೂ ಅನ್ನಿಸದವರಿದ್ದಾರೆ. ತುದಿಯಲ್ಲಿ ಕಡಲೆಕಾಳಿನಷ್ಟು ಮಚ್ಚೆಯಿದ್ದು ತುತ್ತು ಬಾಯಿಗಿಡಲು ಅಂಜುವವರೂ ಇದ್ದಾರೆ. ನನ್ನ ಲೆಕ್ಕದಲ್ಲಿ ಹೆಚ್ಚು ತೀವ್ರವಾದದ್ದು ಎರಡನೆಯದು. ಮಚ್ಚೆ ಎಷ್ಟು ಅಗಲ ಎಂಬುದು ಆಮೇಲಿನ ಮಾತು.

ನಿಮ್ಮ ವಿಷಯದಲ್ಲಿ ನಾನು ಭಯವನ್ನೂ ಲೆಕ್ಕಕ್ಕೆ ಹಿಡಿಯುತ್ತೇನೆ. ದಿನವೂ ಫೋಟೊ ತೆಗೆಯುವುದನ್ನು ದಯವಿಟ್ಟು ನಿಲ್ಲಿಸಿ. ಗಂಟೆಗಳಲ್ಲೇ ರೂಪ ಬದಲಿಸಬಲ್ಲ ಮಚ್ಚೆಯನ್ನು ನಿತ್ಯ ಹೋಲಿಸಿದರೆ ಆತಂಕ ಬಿಟ್ಟರೆ ಬೇರೇನೂ ಸಿಗದು. ವಾರಕ್ಕೊಮ್ಮೆ, ಒಂದೇ ಬೆಳಕಿನಲ್ಲಿ, ಹಲ್ಲುಜ್ಜುವ ಮೊದಲು ಒಂದು ಫೋಟೊ ಸಾಕು. ಅದರ ಪಕ್ಕದಲ್ಲಿ ಆ ವಾರದ ಉರಿಯ ಅಂಕ, ಬಿಟ್ಟ ಆಹಾರ, ನಿದ್ದೆ ಮತ್ತು ಮನಸ್ಸಿನ ಒತ್ತಡವನ್ನು ಬರೆದಿಡಿ. ಎರಡು ಮೂರು ತಿಂಗಳ ಬಳಿಕ ಆ ಪುಸ್ತಕವನ್ನು ವೈದ್ಯರ ಮುಂದಿಟ್ಟರೆ ನೂರು ಫೋಟೊಗಳಿಗಿಂತ ಹೆಚ್ಚು ತಿಳಿಯುತ್ತದೆ.

ಅರ್ಧ ನಾಲಗೆ ಕೆಂಪಾಗಿದೆ ಎಂದಿದ್ದೀರಿ. ಆ ಕೆಂಪಿಗೆ ಬಿಳಿ ಅಂಚು ಇದ್ದು ಅದು ಜಾಗ ಬದಲಿಸುತ್ತಿದ್ದರೆ ಹಳೆಯ ಕಾಯಿಲೆಯೇ ಉಲ್ಬಣಿಸಿದೆ ಎಂದುಕೊಳ್ಳಬಹುದು. ಅಂಚೇ ಇಲ್ಲದೆ ನಾಲಗೆಯೆಲ್ಲ ನುಣುಪಾಗಿ ಕೆಂಪಾಗಿದ್ದರೆ ಬಿ12, ಫೋಲೇಟ್ ಅಥವಾ ಕಬ್ಬಿಣದ ಅಂಶದ ಕೊರತೆ ಇರಬಹುದು; ರಕ್ತ ಪರೀಕ್ಷೆ ಮಾಡಿಸಿ. ಒಂದೇ ಜಾಗದಲ್ಲಿ ಎರಡು ಮೂರು ವಾರ ಕದಲದೆ ನಿಂತ ಹುಣ್ಣು ಅಥವಾ ಕೆಂಪು–ಬಿಳಿ ಕಲೆ, ಕೈಗೆ ಗಟ್ಟಿಯಾಗಿ ಸಿಗುವ ಗಂಟು, ರಕ್ತ, ಮರಗಟ್ಟುವಿಕೆ, ನುಂಗಲು ಕಷ್ಟ – ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ, ದಂತವೈದ್ಯರಿಗೆ ತೋರಿಸಿ. ನಾಲಗೆಯ ಪಕ್ಕದಂಚಿನಲ್ಲಿದ್ದರಂತೂ ಒಂದು ದಿನವೂ ತಡ ಮಾಡಬೇಡಿ. ಮೈಮೇಲೆ ಚಕ್ಕೆ ಏಳುವ ಕಲೆಗಳಿದ್ದರೆ ಅದನ್ನೂ ತಪ್ಪದೆ ಹೇಳಿ. ಸೋರಿಯಾಸಿಸ್ ಇರುವವರಲ್ಲಿ ಇಂತಹ ನಾಲಗೆ ಹೆಚ್ಚಾಗಿ ಕಾಣುತ್ತದೆ.

ಇದನ್ನು ಪೂರ್ತಿ ಅಳಿಸಿಹಾಕುವ ಔಷಧವಿಲ್ಲ. ಉರಿ ಇಲ್ಲದ ದಿನ ಔಷಧವೇ ಬೇಡ. ಉರಿ ಇರುವಾಗ ಖಾರ, ಹುಳಿ, ಬಿಸಿ ಮತ್ತು ಮದ್ಯವನ್ನು ದೂರವಿಡಿ. ಪುದೀನದ ಘಾಟು ಜಾಸ್ತಿಯಿಲ್ಲದ, ನೊರೆ ಕಡಿಮೆ ಬರುವ ಪೇಸ್ಟ್ ಬಳಸಿ. ಕೆಂಪು ಜಾಗವನ್ನು ಕೆರೆಯಬೇಡಿ. ಉರಿಯ ಅಂಕ ಐದು ದಾಟಿ ಊಟಕ್ಕೆ ಅಡ್ಡಿಯಾದರೆ ಮರಗಟ್ಟಿಸುವ ಜೆಲ್ ಅಥವಾ ಕೆಲವು ದಿನಗಳ ಮಟ್ಟಿಗೆ ಸ್ಟೀರಾಯ್ಡ್ ಲೇಪವನ್ನು ವೈದ್ಯರು ಬರೆದುಕೊಡಬಹುದು. ನೀವಾಗಿಯೇ ಕೊಂಡು ಹಚ್ಚಿಕೊಳ್ಳಬೇಡಿ.

ಮಗಳಿಗೆ ಅಂಟುವುದಿಲ್ಲ. ಒಂದೇ ಲೋಟದಲ್ಲಿ ಕುಡಿದರೂ, ಮುತ್ತಿಟ್ಟರೂ ಹರಡುವುದಿಲ್ಲ. ಕೆಲವು ಕುಟುಂಬಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಇರುವುದುಂಟು. ಮುಂದೆಂದಾದರೂ ಅವಳ ನಾಲಗೆಯಲ್ಲಿ ಕಂಡರೂ ಅದು ನಿಮ್ಮ ಎಂಜಲಿನಿಂದ ಬಂದದ್ದಾಗಿರುವುದಿಲ್ಲ.