ಥೈರಾಯ್ಡ್ ತೊಂದರೆ ಇದ್ದವರ ಹೃದಯ: ಎಕೋ ವರದಿಯಲ್ಲಿ ಏನನ್ನು ನೋಡಬೇಕು?

ಪ್ರಶ್ನೆ: ನನ್ನ ಹೆಂಡತಿಗೆ 48 ವರ್ಷ. ಈಚೆಗೆ ಮೆಟ್ಟಿಲು ಹತ್ತಿದರೆ ಏದುಸಿರು, ಬೆಳಗ್ಗೆ ಎದ್ದಾಗ ಮುಖ ಊದಿಕೊಂಡಿರುತ್ತದೆ. ಟಿಎಸ್‌ಎಚ್ (ಥೈರಾಯ್ಡ್ ಕೊರತೆಯಾದಾಗ ಏರುವ ಹಾರ್ಮೋನು) 24 ಬಂದಿದೆ, ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನು) ಕಡಿಮೆ ಇದೆ. ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಇ.ಎಫ್. ಶೇ. 62 ಇರುವುದರಿಂದ ಹೃದಯ ನಾರ್ಮಲ್ ಎಂದರು. ಹಾಗಾದರೆ ಈ ಏದುಸಿರು ಏಕೆ?
– ಓದುಗರು, ತಿಪಟೂರು

ಉತ್ತರ: ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಎಂಬುದನ್ನಷ್ಟೇ ಇ.ಎಫ್. ಹೇಳುತ್ತದೆ. ರಕ್ತ ಒಳಗೆ ಎಷ್ಟು ಸಲೀಸಾಗಿ ತುಂಬಿತು ಎಂಬುದನ್ನು ಅದು ಹೇಳುವುದಿಲ್ಲ. ಥೈರಾಯ್ಡ್ ಹಾರ್ಮೋನು ಕಡಿಮೆಯಾದವರಲ್ಲಿ ಸಾಮಾನ್ಯವಾಗಿ ಮೊದಲು ಹದಗೆಡುವುದು ಈ ತುಂಬುವ ಕೆಲಸವೇ. ಪ್ರತಿ ಬಡಿತದ ಕೊನೆಗೆ ಹೃದಯದ ಸ್ನಾಯುಕೋಶ ಸಡಿಲವಾಗಬೇಕಾದರೆ, ಒಳಗೆ ಹರಡಿದ ಕ್ಯಾಲ್ಸಿಯಂ ಮತ್ತೆ ತನ್ನ ಸಂಗ್ರಹಕ್ಕೆ ಮರಳಬೇಕು. ಅದನ್ನು ಎಳೆದುಕೊಳ್ಳುವ ಪಂಪುಗಳು ಎಷ್ಟು ತಯಾರಾಗಬೇಕೆಂಬುದನ್ನು ಟಿ3 ಹಾರ್ಮೋನು ನಿಯಂತ್ರಿಸುತ್ತದೆ. ಪಂಪು ಕಡಿಮೆಯಾದರೆ ಸ್ನಾಯು ನಿಧಾನವಾಗಿ ಸಡಿಲಗೊಳ್ಳುತ್ತದೆ. ಆಗ ತುಂಬುವಾಗಿನ ಒತ್ತಡ ಏರಿ ಶ್ವಾಸಕೋಶದವರೆಗೆ ತಟ್ಟುತ್ತದೆ. ಜೊತೆಗೆ ರಕ್ತನಾಳಗಳು ಬಿಗಿಯಾಗುವುದರಿಂದ ಬಿ.ಪಿ.ಯ ಕೆಳಗಿನ ಅಂಕಿ ಮೇಲೇರುತ್ತದೆ.

ಆದ್ದರಿಂದ ವರದಿಯನ್ನು ಮತ್ತೊಮ್ಮೆ ತೆಗೆದು ನೋಡಿ. ಟಿಶ್ಯೂ ಡಾಪ್ಲರ್ ಮಾಡಿದ್ದರೆ 'ಇ ಪ್ರೈಮ್' ಎಂಬ ವೇಗ ಬರೆದಿರುತ್ತದೆ. ಅದು ಗೋಡೆ ಸಡಿಲಗೊಳ್ಳುವ ವೇಗ. ಹೃದಯದ ನಡುಗೋಡೆಯ ಬಳಿ ಸೆಕೆಂಡಿಗೆ 7 ಸೆಂ.ಮೀ.ಗಿಂತ ಕಡಿಮೆ ಅಥವಾ ಹೊರಗೋಡೆಯ ಬಳಿ 10ಕ್ಕಿಂತ ಕಡಿಮೆ ಇದ್ದರೆ ಅದು ಒಂದು ಸುಳಿವು. ಇ (ಹೃತ್ಕುಕ್ಷಿಯೊಳಗೆ ರಕ್ತ ನುಗ್ಗುವ ವೇಗ) ಮತ್ತು ಇ ಪ್ರೈಮ್‌ಗಳ ಸರಾಸರಿ ಅನುಪಾತ 14 ದಾಟಿದರೆ ಎರಡನೆಯದು. ಎಡ ಹೃತ್ಕರ್ಣದ ಗಾತ್ರ ಮೈಯ ಚದರ ಮೀಟರಿಗೆ 34 ಮಿ.ಲೀ. ಮೀರಿದರೆ ಮೂರನೆಯದು. ಹೃದಯದ ಬಲಬದಿಯ ಟ್ರೈಕಸ್ಪಿಡ್ ಕವಾಟದ ಸೋರಿಕೆಯ ವೇಗ ಸೆಕೆಂಡಿಗೆ 2.8 ಮೀಟರ್ ಮೀರಿದರೆ ನಾಲ್ಕನೆಯದು. ಇ.ಎಫ್. ಸರಿಯಿದ್ದವರಲ್ಲಿ ಈ ನಾಲ್ಕರಲ್ಲಿ ಮೂರು ಮಿತಿ ದಾಟಿದ್ದರೆ ಹೃದಯದ ಸಡಿಲಿಕೆ ಕೆಟ್ಟಿದೆ ಎನ್ನಬಹುದು. ಎರಡೇ ಇದ್ದರೆ ಖಚಿತವಾಗಿ ಹೇಳಲಾಗದು. ತುರ್ತಿನಲ್ಲಿ ಮಾಡುವ ಎಕೋದಲ್ಲಿ ಇವನ್ನು ಎಷ್ಟೋ ಸಲ ಅಳೆದಿರುವುದೇ ಇಲ್ಲ. ಮುಂದಿನ ಸಲ ಚೀಟಿಯಲ್ಲಿ 'ಥೈರಾಯ್ಡ್ ಕೊರತೆ, ಏದುಸಿರು, ಟಿಶ್ಯೂ ಡಾಪ್ಲರ್ ಸಹಿತ ಡಯಸ್ಟಾಲಿಕ್ ಪರೀಕ್ಷೆ ಬೇಕು' ಎಂದು ವೈದ್ಯರಿಂದ ಬರೆಸಿಕೊಳ್ಳಿ. ಡಯಸ್ಟಾಲಿಕ್ ಎಂದರೆ ಹೃದಯ ಸಡಿಲಗೊಂಡು ರಕ್ತ ತುಂಬಿಕೊಳ್ಳುವ ಹಂತ. ಹೃದಯದ ಸುತ್ತ ನೀರು ತುಂಬಿದೆಯೇ ಎಂದೂ ಕೇಳಿ. ಈ ಕೊರತೆಯಲ್ಲಿ ಅದು ಮೆಲ್ಲಮೆಲ್ಲನೆ ಸೇರುವುದರಿಂದ ಹೆಚ್ಚಿದ್ದರೂ ಲಕ್ಷಣ ಕಡಿಮೆ. ಹಿಮೋಗ್ಲೋಬಿನ್ ಕೂಡ ನೋಡಿಸಿ. ಥೈರಾಯ್ಡ್ ಕಡಿಮೆಯಾದ ಹೆಂಗಸರಲ್ಲಿ ಮುಟ್ಟಿನ ಸ್ರಾವ ಹೆಚ್ಚಾಗಿ ರಕ್ತಹೀನತೆ ಬಂದಿದ್ದರೆ ಏದುಸಿರಿಗೆ ಅದೊಂದೇ ಸಾಕು.

ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನು) ಮಾತ್ರೆ ಶುರುಮಾಡುವ ಮೊದಲು ಈಸಿಜಿ ಆಗಲಿ. ನಡೆದಾಗ ಎದೆ ಹಿಡಿದಂತಾಗುತ್ತಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ. ಅಂಥವರಿಗೆ 12.5 ಅಥವಾ 25 ಮೈಕ್ರೋಗ್ರಾಂನಿಂದ ಆರಂಭಿಸಿ ನಿಧಾನವಾಗಿ ಏರಿಸುತ್ತಾರೆ. ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನೀರಿನ ಜೊತೆ ನುಂಗಬೇಕು. ಕಾಫಿ ಕುಡಿಯಲು ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಡುವೆ 4 ಗಂಟೆ ಅಂತರವಿರಲಿ. 'ಡೋಸ್ ಏರಿಸಿದರೂ ಟಿಎಸ್‌ಎಚ್ ಇಳಿಯುತ್ತಿಲ್ಲ' ಎನ್ನುವವರಲ್ಲಿ ಬಹುಪಾಲು ಎಡವುವುದು ಇಲ್ಲೇ. 6ರಿಂದ 8 ವಾರಕ್ಕೆ ಟಿಎಸ್‌ಎಚ್ ನೋಡಿಸಿ. ಚಿಕಿತ್ಸೆಯ ಫಲ ನೋಡುವ ಎಕೋಗೆ ಅವಸರ ಬೇಡ, ಟಿಎಸ್‌ಎಚ್ ಹತೋಟಿಗೆ ಬಂದು ಕೆಲವು ತಿಂಗಳು ಸ್ಥಿರವಾದ ಮೇಲೆ ಮಾಡಿಸಿ. ಹಾರ್ಮೋನು ಸರಿಹೋದರೆ ಈ ಹಂತದ ತೊಂದರೆ ಸಾಮಾನ್ಯವಾಗಿ ಸುಧಾರಿಸುತ್ತದೆ. ಬೇಗ ಪತ್ತೆ ಮಾಡಬೇಕು ಎನ್ನುವುದು ಅದಕ್ಕಾಗಿಯೇ.

ಪ್ರಶ್ನೆ: ನನಗೆ 39, ಥೈರಾಯ್ಡ್ ಕೊರತೆ ಇದೆ. ಒಂದು ಕಡೆ ಸ್ಟ್ರೇನ್ ಎಕೋದಲ್ಲಿ ಜಿ.ಎಲ್.ಎಸ್. ಮೈನಸ್ 19.5 ಬಂತು. ಎಂಟು ತಿಂಗಳ ಮೇಲೆ ಬೇರೆ ಕಡೆ ಮೈನಸ್ 16.8. ಹೃದಯ ಕುಸಿಯುತ್ತಿದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಈ ಎರಡು ಅಂಕಿಗಳಿಂದ ಹಾಗೆ ಹೇಳಲಾಗದು. ಸ್ನಾಯು ಉದ್ದುದ್ದಕ್ಕೆ ಎಷ್ಟು ಕುಗ್ಗುತ್ತದೆ ಎಂಬುದರ ಲೆಕ್ಕ ಜಿ.ಎಲ್.ಎಸ್. ಕುಗ್ಗುವುದರಿಂದ ಮೈನಸ್ ಗುರುತು. ಮೈನಸ್ 20ರ ಆಸುಪಾಸು ಒಳ್ಳೆಯದು, 16ಕ್ಕಿಂತ ಕಡಿಮೆ ಕುಗ್ಗಿದರೆ ತೊಂದರೆ, ನಡುವಿನದು ಅನುಮಾನದ ಜಾಗ. ಹೃದಯದ ಒಳಪದರದ ಉದ್ದನೆಯ ಎಳೆಗಳು ಸೋತರೂ ಸುತ್ತಿನ ಎಳೆಗಳು ಹೆಚ್ಚು ದುಡಿದು ಇ.ಎಫ್. ಅನ್ನು ಕಾಪಾಡುತ್ತವೆ. ಆದ್ದರಿಂದ ಇ.ಎಫ್. ಬೀಳುವ ಮೊದಲೇ ಸ್ಟ್ರೇನ್ ಸುಳಿವು ಕೊಡುತ್ತದೆ.

ಆದರೆ ಈ ಅಳತೆ ಬಲು ಸೂಕ್ಷ್ಮ. ಯಂತ್ರದ ಕಂಪನಿ ಬದಲಾದರೆ ಅಂಕಿ ಬದಲಾಗುತ್ತದೆ. ಅಂದು ಬಿ.ಪಿ. ಏರಿದ್ದರೆ ಆರೋಗ್ಯವಂತ ಹೃದಯದಲ್ಲೂ ಸ್ಟ್ರೇನ್ ಇಳಿಯುತ್ತದೆ. ಸೆಕೆಂಡಿಗೆ 40ರಿಂದ 80 ಚಿತ್ರ ಬೇಕು, ಉಸಿರು ಬಿಗಿಹಿಡಿಯಬೇಕು, ಹೃದಯದ ತುದಿಯಿಂದ ಮೂರು ಕೋನಗಳಲ್ಲಿ ಗೋಡೆ ಸ್ಪಷ್ಟವಾಗಿ ಕಾಣಬೇಕು. ತುದಿಯನ್ನು ಕತ್ತರಿಸಿದಂತೆ ಚಿತ್ರ ಹಿಡಿದರೆ ಲೆಕ್ಕವೆಲ್ಲ ತಪ್ಪು. ಮೊದಲ ಪರೀಕ್ಷೆ ಮಾಡಿಸಿದಲ್ಲೇ, ಅದೇ ಯಂತ್ರದಲ್ಲಿ, ಬಿ.ಪಿ. ಬರೆಸಿಕೊಂಡು ಮತ್ತೆ ಮಾಡಿಸಿ. ಮೊದಲ ಅಂಕಿಗಿಂತ ಶೇ. 15ಕ್ಕೂ ಹೆಚ್ಚು ಇಳಿದಿದ್ದರೆ ಆಗ ಗಂಭೀರವಾಗಿ ಪರಿಗಣಿಸಬೇಕು. ಟಿಎಸ್‌ಎಚ್ ಹತೋಟಿಯಲ್ಲಿದ್ದು ಲಕ್ಷಣವೇನೂ ಇಲ್ಲದವರಿಗೆ ಈ ದುಬಾರಿ ಪರೀಕ್ಷೆಯ ಅಗತ್ಯವೇ ಇಲ್ಲ.

ಪ್ರಶ್ನೆ: ಅಮ್ಮನಿಗೆ 71. ಟಿಎಸ್‌ಎಚ್ 6.8, ಫ್ರೀ ಟಿ4 ಸರಿಯಿದೆ. ಎಕೋದಲ್ಲಿ 'ಗ್ರೇಡ್ 1 ಡಯಸ್ಟಾಲಿಕ್ ಡಿಸ್‌ಫಂಕ್ಷನ್' ಎಂದಿದೆ. ಡಾಕ್ಟರು ಮಾತ್ರೆ ಬೇಡ ಎನ್ನುತ್ತಾರೆ. ಸರಿಯೇ?
– ಓದುಗರು, ಪುತ್ತೂರು

ಉತ್ತರ: ಸರಿ. ವಯಸ್ಸಾದಂತೆ ಹೃದಯ ತುಸು ಪೆಡಸಾಗುತ್ತದೆ. 60 ದಾಟಿದವರ ವರದಿಯಲ್ಲಿ ಗ್ರೇಡ್ 1, ಅಂದರೆ ಸಡಿಲಿಕೆಯಲ್ಲಿ ಸೌಮ್ಯ ತೊಂದರೆ, ಎಂಬ ಸಾಲು ತೀರಾ ಸಾಮಾನ್ಯ. 2017ರಲ್ಲಿ ಪ್ರಕಟವಾದ ಯುರೋಪಿನ 'ಟ್ರಸ್ಟ್' ಅಧ್ಯಯನದಲ್ಲಿ ಇಂಥದೇ ಸೌಮ್ಯ ಕೊರತೆಯಿದ್ದ, 65 ವರ್ಷ ದಾಟಿದ 737 ಮಂದಿ ಇದ್ದರು. ಅವರಲ್ಲಿ ಥೈರಾಕ್ಸಿನ್ ಕೊಟ್ಟವರ ಸುಸ್ತು, ಮಂಕು ಉಳಿದವರಿಗಿಂತ ಕಡಿಮೆಯಾಗಲಿಲ್ಲ. ಟಿಎಸ್‌ಎಚ್ 10 ದಾಟಿದರೆ ಹೃದಯದ ಅಪಾಯ ಹೆಚ್ಚು ಸ್ಪಷ್ಟವಾಗಿ ಏರುತ್ತದೆ, ಆಗ ಲೆಕ್ಕ ಬೇರೆ. ಸದ್ಯಕ್ಕೆ ಅವರ ಬಿ.ಪಿ., ಸಕ್ಕರೆ ನೋಡಿಕೊಳ್ಳಿ. ಕಾಲು ಊದಿದರೆ, ಮಲಗಿದಾಗ ಉಸಿರು ಕಟ್ಟಿದರೆ ಹೃದಯದ ಮೇಲಿನ ಒತ್ತಡವನ್ನು ತೋರಿಸುವ ಎನ್‌ಟಿ-ಪ್ರೋ ಬಿಎನ್‌ಪಿ ರಕ್ತಪರೀಕ್ಷೆ ಮಾಡಿಸಿ. 125ಕ್ಕಿಂತ ಕೆಳಗಿದ್ದರೆ ಹೃದಯ ವೈಫಲ್ಯದ ಸಂಭವ ಕಡಿಮೆ. ಆದರೆ ದಪ್ಪ ಮೈಯವರಲ್ಲಿ ಈ ಅಂಕಿ ಇರಬೇಕಾದ್ದಕ್ಕಿಂತ ಕಡಿಮೆ ತೋರುತ್ತದೆ, ಮೂತ್ರಪಿಂಡ ಸೋತವರಲ್ಲಿ ಹೆಚ್ಚು ತೋರುತ್ತದೆ.

ಪ್ರಶ್ನೆ: ಥೈರಾಕ್ಸಿನ್ 125 ಮೈಕ್ರೋಗ್ರಾಂ ತಗೊಳ್ಳುತ್ತಿದ್ದೇನೆ. ಟಿಎಸ್‌ಎಚ್ 0.05. ತೂಕ ಇಳಿದಿದೆ ಅಂತ ಖುಷಿ, ಆದರೆ ರಾತ್ರಿ ಎದೆ ಡವಗುಟ್ಟುತ್ತದೆ.
– ಓದುಗರು, ದಾವಣಗೆರೆ

ಉತ್ತರ: ನಿಮಗೆ ಡೋಸ್ ಹೆಚ್ಚಾದಂತಿದೆ. ತೂಕಕ್ಕೋಸ್ಕರ ಇದನ್ನು ಮುಂದುವರಿಸಬೇಡಿ. ಟಿಎಸ್‌ಎಚ್ 0.1ಕ್ಕಿಂತ ಕೆಳಗೆ ಉಳಿದರೆ ಏಟ್ರಿಯಲ್ ಫಿಬ್ರಿಲೇಷನ್ ಎಂಬ ಬಡಿತದ ಏರುಪೇರು ಬರುವ ಸಂಭವ ಹೆಚ್ಚು. ಅದರಿಂದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯುವೂ ಆಗಬಹುದು. ಕೂದಲಿಗೆಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಎರಡು ದಿನ ನಿಲ್ಲಿಸಿ ರಕ್ತಪರೀಕ್ಷೆ ಮತ್ತೆ ಮಾಡಿಸಿ, ಅದು ಟಿಎಸ್‌ಎಚ್ ಅನ್ನು ಸುಳ್ಳಾಗಿ ತಗ್ಗಿಸಿ ತೋರಿಸುತ್ತದೆ. ಬೆಳಗ್ಗೆ ಏಳುವ ಮೊದಲು ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ. 90 ದಾಟಿದರೆ ಅಥವಾ ಬಡಿತ ಲಯ ತಪ್ಪಿದರೆ ಅಂದೇ ಈಸಿಜಿ ಮಾಡಿಸಿ. ಈಸಿಜಿ ಸರಿಬಂದೂ ರಾತ್ರಿ ಡವಗುಟ್ಟಿದರೆ 24 ಗಂಟೆಯ ಹೋಲ್ಟರ್ (ಮೈಗೆ ಕಟ್ಟಿಕೊಳ್ಳುವ ಈಸಿಜಿ) ಬೇಕು. ಎದೆನೋವು, ತಲೆಸುತ್ತು ಅಥವಾ ಕೈಕಾಲಿನಲ್ಲಿ ಬಲಗುಂದಿದಂತೆ ಆದರೆ ಕಾಯದೆ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ.