ಮಾನವ ಭದ್ರತೆ: ನೀತಿಯೋ, ಬರೀ ಭಾಷಣವೋ?

ಮಾನವ ಭದ್ರತೆಯನ್ನು ಯಾವುದಾದರೂ ದೇಶ ನಿಜಕ್ಕೂ ವಿದೇಶಾಂಗ ನೀತಿಯಾಗಿ ನಡೆಸಿದೆಯಾ, ಭಾರತ ಯಾಕೆ ಆ ಮಾತೇ ಆಡುವುದಿಲ್ಲ ಅಂತ ಕೇಳಿದ್ದೀರಿ. ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ, ಹಾಗಾಗಿ ತಿಳಿದಷ್ಟು ಹೇಳುತ್ತೇನೆ.

ಗಡಿ ಭದ್ರವಾಗಿದ್ದರೂ ಒಳಗಿರುವ ಮನುಷ್ಯ ಹಸಿವಿಗೋ ಹಿಂಸೆಗೋ ಬಲಿಯಾಗುತ್ತಿದ್ದರೆ ಅದೆಂಥ ಭದ್ರತೆ? 1994ರ ಯುಎನ್‌ಡಿಪಿ (ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ) ಮಾನವ ಅಭಿವೃದ್ಧಿ ವರದಿಯಲ್ಲಿ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಎತ್ತಿದ ತಕರಾರು ಇದು. ಅದನ್ನು ಮೊದಲು ಕೈಗೆತ್ತಿಕೊಂಡವರಲ್ಲಿ ಕೆನಡಾದ ವಿದೇಶಾಂಗ ಸಚಿವ ಲಾಯ್ಡ್ ಆಕ್ಸ್‌ವರ್ದಿ ಒಬ್ಬರು. ನೆಲಬಾಂಬ್ ನಿಷೇಧದ ಮಾತುಕತೆ ಜಿನೀವಾದಲ್ಲಿ ಕುಂಟುತ್ತಿತ್ತು. ಎಲ್ಲರೂ ಒಪ್ಪದೆ ಅಲ್ಲಿ ಏನೂ ಮುಂದೆ ಹೋಗದು. 1996ರ ಅಕ್ಟೋಬರ್‌ನಲ್ಲಿ ಒಟ್ಟಾವಾ ಸಮ್ಮೇಳನ ಮುಗಿಯುವ ಹೊತ್ತಿಗೆ ಈ ಮನುಷ್ಯ ಎದ್ದು, ಮುಂದಿನ ವರ್ಷದ ಕೊನೆಯೊಳಗೆ ಇಲ್ಲಿಗೇ ಬಂದು ನಿಷೇಧ ಒಪ್ಪಂದಕ್ಕೆ ಸಹಿ ಹಾಕಿ ಎಂದುಬಿಟ್ಟರು. ಮಿತ್ರದೇಶಗಳ ರಾಜತಾಂತ್ರಿಕರು ಕಕ್ಕಾಬಿಕ್ಕಿ. 1997ರ ಡಿಸೆಂಬರ್‌ನಲ್ಲಿ 122 ದೇಶಗಳು ಸಹಿ ಹಾಕಿದವು. ಅಮೆರಿಕ, ರಷ್ಯಾ, ಚೀನಾ, ಭಾರತ ಹಾಕಲಿಲ್ಲ.

ಆದರೆ 1999ರಲ್ಲಿ ಯುಗೊಸ್ಲಾವಿಯಾದ ಕೊಸೊವೊ ಪ್ರಾಂತ್ಯದ ಜನರನ್ನು ಕಾಪಾಡುವ ಹೆಸರಿನಲ್ಲಿ ನ್ಯಾಟೋ ಮಿಲಿಟರಿ ಕೂಟ ನಡೆಸಿದ ದಾಳಿಯಲ್ಲಿ ಕೆನಡಾದ ವಿಮಾನಗಳೂ ಬಾಂಬ್ ಹಾಕಿದವು, ಅದಕ್ಕೂ ಇದೇ ಮಾನವ ಭದ್ರತೆಯ ಸಮರ್ಥನೆ! 2000ದಲ್ಲಿ ಆಕ್ಸ್‌ವರ್ದಿ ಹುದ್ದೆ ಬಿಟ್ಟರು. 2006ರಲ್ಲಿ ಹಾರ್ಪರ್ ಸರ್ಕಾರ ಬಂದ ಮೇಲೆ ಆ ಪದವೇ ವಿದೇಶಾಂಗ ಇಲಾಖೆಯ ಕಡತಗಳಿಂದ ಮೆಲ್ಲಗೆ ಮರೆಯಾಯಿತು. ಒಬ್ಬ ಸಚಿವರ ಹುರುಪಿನ ಮೇಲೆ ನಿಂತ ನೀತಿಗೆ ಇನ್ನೇನಾದೀತು?

ಜಪಾನ್ ಸದ್ದಿಲ್ಲದೆ ಬೇರೆ ದಾರಿ ಹಿಡಿಯಿತು. ಪ್ರಧಾನಿ ಒಬುಚಿ 1998ರಲ್ಲಿ ಮಾನವ ಭದ್ರತೆಯೇ ತಮ್ಮ ನೀತಿ ಎಂದು ಘೋಷಿಸಿದರು, ಮರುವರ್ಷವೇ ಜಪಾನಿನ ಹಣದಿಂದ ವಿಶ್ವಸಂಸ್ಥೆಯಲ್ಲಿ ಮಾನವ ಭದ್ರತಾ ನಿಧಿ ಶುರುವಾಯಿತು. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಆಗಿದ್ದ ಸದಾಕೊ ಒಗಾಟಾ ಮತ್ತು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಜಂಟಿ ಅಧ್ಯಕ್ಷತೆಯ ಆಯೋಗ 2003ರಲ್ಲಿ ವರದಿ ಕೊಟ್ಟಿತು. ಅದೇ ವರ್ಷ ಆ ಪದ ಜಪಾನಿನ ವಿದೇಶಿ ನೆರವಿನ ನೀತಿಪತ್ರಕ್ಕೆ ಸೇರಿತು, ಒಗಾಟಾ ಅವರು ಆ ನೆರವು ನೀಡುವ ಸರ್ಕಾರಿ ಸಂಸ್ಥೆ ಜೈಕಾದ ಮುಖ್ಯಸ್ಥರಾದರು. ಸಣ್ಣ ಸಂಸ್ಥೆಗಳಿಗೆ ಶಾಲಾ ಕೊಠಡಿ, ಆಸ್ಪತ್ರೆ ಉಪಕರಣಕ್ಕೆ ಕೊಡುವ ಅನುದಾನದ ಹೆಸರಿನಲ್ಲೂ ‘ಮಾನವ ಭದ್ರತೆ’ ಇದೆ. ನಮ್ಮ ಬೆಂಗಳೂರಿನ ಜಪಾನ್ ಕಾನ್ಸುಲೇಟ್ ಮೂಲಕವೂ ಇದು ಸಿಗುತ್ತದೆ. ಅಲ್ಲಿ ಪ್ರಧಾನಿಗಳು ಎಷ್ಟು ಬದಲಾದರೂ 2023ರ ನೀತಿಪತ್ರದಲ್ಲಿ ಆ ಪದ ಹಾಗೇ ಇದೆ, ಯಾಕೆಂದರೆ ಅದಕ್ಕೆ ದುಡ್ಡೂ ಇದೆ, ಕಚೇರಿಯೂ ಇದೆ. (ಆಶ್ರಯ ಕೇಳಿ ತನ್ನ ಬಾಗಿಲಿಗೆ ಬಂದ ನಿರಾಶ್ರಿತರ ವಿಷಯದಲ್ಲಿ ಮಾತ್ರ ಜಪಾನ್ ಕೈ ತುಂಬಾ ಬಿಗಿ.)

ಇನ್ನು ಭಾರತ. ಕೊಸೊವೊ ನೋಡಿದ ಮೇಲೆ, ಜನರ ರಕ್ಷಣೆಯ ಹೆಸರಲ್ಲಿ ಬಲಿಷ್ಠರು ಇನ್ನೊಬ್ಬರ ಮನೆಗೆ ನುಗ್ಗುತ್ತಾರೆ ಎಂಬ ಅನುಮಾನ ದಿಲ್ಲಿಗೆ ಗಟ್ಟಿಯಾಯಿತು. ನನಗೆ ಆ ಅನುಮಾನ ಅರ್ಥವಾಗುತ್ತದೆ. ಆದರೆ ಅದು ಎಲ್ಲಕ್ಕೂ ಉತ್ತರವಲ್ಲ. ಸಂಸತ್ತಿನ ಮೇಲಿನ ದಾಳಿಯ ನಂತರ, 2001-02ರಲ್ಲಿ, ಪಂಜಾಬ್ ಮತ್ತು ರಾಜಸ್ಥಾನದ ಗಡಿ ಹೊಲಗಳಲ್ಲಿ ನಮ್ಮ ಸೇನೆಯೇ ನೆಲಬಾಂಬ್ ಹುಗಿದಿತ್ತು. ಅಲ್ಲಿ ಕಾಲು ಕಳೆದುಕೊಂಡವರಲ್ಲಿ ನಮ್ಮ ರೈತರೂ ಇದ್ದರು.