ಆ್ಯಂಟಿಬಯೋಟಿಕ್ ಕೊಡುವ ಮುಂಚೆ ಪದೇ ಪದೇ ರಕ್ತ ತೆಗೆಯುವುದು ಯಾಕೆ?

ಅಪ್ಪನಿಗೆ ವ್ಯಾಂಕೊಮೈಸಿನ್ ಅನ್ನುವ ಆ್ಯಂಟಿಬಯೋಟಿಕ್ ನಡೆಯುತ್ತಿದೆ, ಡೋಸ್‌ಗೆ ಮುಂಚೆ ಸಿಸ್ಟರ್ ಬಂದು ರಕ್ತ ತೆಗೆಯುತ್ತಾರೆ, ಕೇಳಿದರೆ 'ಕಿಡ್ನಿಗೆ' ಅನ್ನುತ್ತಾರೆ, ಇದೆಲ್ಲ ಬಿಲ್ ಏರಿಸೋಕಾ ಅಂತ ಕೇಳಿದ್ದೀರಿ. ನಾನು ಐಸಿಯು ನರ್ಸ್. ನಿಮ್ಮ ಅನುಮಾನ ಅರ್ಥವಾಗುತ್ತದೆ. ಆದರೂ ಈ ಟೆಸ್ಟ್ ಬೇಡ ಅನ್ನಬೇಡಿ.

ವ್ಯಾಂಕೊಮೈಸಿನ್ 1958ರಿಂದ ಬಳಕೆಯಲ್ಲಿರುವ ಹಳೇ ಔಷಧ. ಮೈಯಿಂದ ಅದು ಹೊರಗೆ ಹೋಗುವುದು ಬಹುಪಾಲು ಕಿಡ್ನಿಯ ದಾರಿಯಲ್ಲೇ. ಕಿಡ್ನಿ ಸ್ವಲ್ಪ ಸೋತರೂ ಔಷಧ ರಕ್ತದಲ್ಲೇ ಉಳಿಯುತ್ತದೆ, ಉಳಿದದ್ದು ಕಿಡ್ನಿಯನ್ನೇ ಇನ್ನಷ್ಟು ಕೆಡಿಸುತ್ತದೆ. ಹೆದರಿ ಕಮ್ಮಿ ಕೊಟ್ಟರೆ ಸೋಂಕು ಬಗ್ಗಲ್ಲ. ಅದಕ್ಕೇ ಅಳೆಯುವುದು.

ಮುಂದಿನ ಡೋಸ್‌ಗೆ ಅರ್ಧ ಗಂಟೆ ಇರುವಾಗ ತೆಗೆಯುವುದು ಟ್ರಫ್ ಲೆವೆಲ್, ಅಂದರೆ ಔಷಧ ತೀರಾ ಕೆಳಗಿಳಿದಾಗಿನ ಮಟ್ಟ. ಮೊದಲೆಲ್ಲ ಗಂಭೀರ ಸೋಂಕಿಗೆ ಇದು ಲೀಟರ್‌ಗೆ 15ರಿಂದ 20 ಮಿಲಿಗ್ರಾಂ ಇರಲಿ ಅನ್ನುತ್ತಿದ್ದರು. 2020ರ ಅಮೆರಿಕನ್ ಮಾರ್ಗಸೂಚಿ ಈ ಒಂದು ಹೊತ್ತಿನ ಮಟ್ಟ ಸಾಲದು, ಇಡೀ ದಿನ ರಕ್ತದಲ್ಲಿ ಒಟ್ಟು ಎಷ್ಟು ಔಷಧ ಇತ್ತು ಅನ್ನುವ ಲೆಕ್ಕ ನೋಡಿ ಎಂದಿತು. ಅದಕ್ಕೆ ಕೆಲವು ಕಡೆ ಎರಡು ಸಲ ತೆಗೆಯುತ್ತಾರೆ: ಡ್ರಿಪ್ ಮುಗಿದ ಒಂದೆರಡು ಗಂಟೆಗೆ ಒಂದು, ಮುಂದಿನ ಡೋಸ್‌ಗೆ ಮುಂಚೆ ಇನ್ನೊಂದು.

ಇಲ್ಲಿ ಗಡಿಯಾರವೇ ಮುಖ್ಯ. ಯಾವಾಗ ತೆಗೆದದ್ದು ಅಂತ ಗೊತ್ತಿಲ್ಲದ ಲೆವೆಲ್ ಇದ್ದೂ ಇಲ್ಲದ ಹಾಗೆ. ಹೊಸದರಲ್ಲಿ ನಾನೇ ಎಡವಿದ್ದೇನೆ. ರಾತ್ರಿ ಡ್ಯೂಟಿ, ಬೆಳಗಿನ ಆರರ ಡೋಸ್. ರೋಗಿಯ ಕೈ ಊದಿಕೊಂಡು ನರ ಸಿಗಲಿಲ್ಲ. ಔಷಧ ಹಾಕುವ ಲೈನಿನಿಂದಲೇ ರಕ್ತ ಎಳೆದುಬಿಟ್ಟೆ. ಲೆವೆಲ್ 48 ಬಂತು, ಡಾಕ್ಟರ್ ಡೋಸ್ ತಡೆದರು. ಇನ್‌ಚಾರ್ಜ್ ಸಿಸ್ಟರ್ ಕೇಳಿದ್ದು ಒಂದೇ ಮಾತು: "ಎಲ್ಲಿಂದ ತೆಗೆದೆ?" ಇನ್ನೊಂದು ಕೈಯಿಂದ ತೆಗೆದರೆ 14. ಲೈನಿನಲ್ಲಿ ಉಳಿದಿದ್ದ ಔಷಧವೇ ಸ್ಯಾಂಪಲ್‌ಗೆ ಸೇರಿತ್ತು. ಆಗಿನಿಂದ ಟ್ಯೂಬಿನ ಮೇಲೆ ರಕ್ತ ತೆಗೆದ ಸಮಯ, ಹಿಂದಿನ ಡೋಸ್ ಮುಗಿದ ಸಮಯ, ಯಾವ ಕೈ ಅಂತ ಮೂರನ್ನೂ ಬರೆಯುತ್ತೇನೆ. ಲ್ಯಾಬಿನವರು ನಗುತ್ತಾರೆ, ನಗಲಿ.

ಬರೀ ಲೆವೆಲ್ ನೋಡಿ ಕೂರುವುದಿಲ್ಲ. ಕ್ರಿಯೇಟಿನಿನ್ ಅಂದರೆ ಕಿಡ್ನಿ ಹೊರಹಾಕಬೇಕಾದ ಕಸ, ಕಿಡ್ನಿ ಸೋತರೆ ರಕ್ತದಲ್ಲಿ ಏರುತ್ತದೆ. ಅದು 0.8 ಇದ್ದದ್ದು ಎರಡು ದಿನದಲ್ಲಿ 1.2 ಆಯಿತು ಅನ್ನಿ. ರಿಪೋರ್ಟಿನಲ್ಲಿ ನಾರ್ಮಲ್ ಅಂತಲೇ ಇರುತ್ತದೆ, ದಪ್ಪಕ್ಷರವೂ ಇಲ್ಲ. ನಮಗೆ ಅದು ಗಾಬರಿಯ ವಿಷಯ. 48 ಗಂಟೆಯೊಳಗೆ 0.3 ಏರಿದರೇ ಕಿಡ್ನಿಗೆ ಪೆಟ್ಟು ಬಿದ್ದಿದೆ ಅಂತ ಲೆಕ್ಕ. ಮೂತ್ರವೂ ಅಷ್ಟೇ. 60 ಕೆಜಿ ತೂಕದವರಿಗೆ ಗಂಟೆಗೆ 30 ಮಿಲಿಗಿಂತ ಕಮ್ಮಿ ಬರುತ್ತಾ ಹೋದರೆ ತಕ್ಷಣ ಡಾಕ್ಟರಿಗೆ ಫೋನ್.

ಜೊತೆಗೆ ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಅನ್ನುವ ಇನ್ನೊಂದು ಆ್ಯಂಟಿಬಯೋಟಿಕ್ ಕೂಡ ನಡೆಯುತ್ತಿದ್ದರೆ ಕ್ರಿಯೇಟಿನಿನ್ ಏರುವುದು ಜಾಸ್ತಿ, ಅದನ್ನು ಇನ್ನೂ ಹತ್ತಿರದಿಂದ ನೋಡಬೇಕು. ಮನೆಯಿಂದ ತಂದ ಮಂಡಿನೋವಿನ ಮಾತ್ರೆಯನ್ನು ಸುಮ್ನೆ ಕೊಡಬೇಡಿ. ಡೈಕ್ಲೋಫೆನಾಕ್‌ನಂಥದ್ದು ಕಿಡ್ನಿಗೆ ಇನ್ನೊಂದು ಏಟು. ದಿಂಬಿನ ಕೆಳಗೆ ಅಂಥ ಸ್ಟ್ರಿಪ್ ಎಷ್ಟು ಸಲ ಸಿಕ್ಕಿದೆಯೋ!

ಮುಂದಿನ ಸಲ ಸಿಸ್ಟರ್ ಬಂದಾಗ ಲೆವೆಲ್ ಎಷ್ಟು, ನಿನ್ನೆಯ ಕ್ರಿಯೇಟಿನಿನ್ ಎಷ್ಟು ಅಂತ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ. ವಾರ್ಡಿಗೆ ಬಂದ ಮೇಲೆ ಮೂತ್ರದ ಪಾಟನ್ನು ಸಹಾಯ ಆಗಲಿ ಅಂತ ನೀವೇ ಚೆಲ್ಲಿಬಿಡಬೇಡಿ. ಅಳೆದು ಬರೆದುಕೊಂಡ ಮೇಲೆ ನಾವೇ ಚೆಲ್ಲುತ್ತೇವೆ.